ಮೂಗಿಗೆ ಎರಡು ತೊಟ್ಟು

ಗಡಿ ಬಂದರೆ ಬಸ್ಸು ನಿಲ್ಲುತ್ತದೆ, ಎಲ್ಲರನ್ನೂ ಇಳಿಸುತ್ತಾರೆ, ಸಾಲಾಗಿ ನಿಲ್ಲಿಸಿ ಕೇಳುತ್ತಾರೆ ಎಂದುಕೊಂಡು ನಾಗಮಣಿ ಜರ್ಮನಿಯ ಡ್ಯುಸೆಲ್‌ಡಾರ್ಫ್ ಬಿಟ್ಟಾಗಿನಿಂದ ಬೂಟು ಸಡಿಲಿಸದೆ, ಕೈಚೀಲ ತೊಡೆಯಿಂದ ಇಳಿಸದೆ ಕೂತಿದ್ದಳು. ಬೂಟು ಅಲ್ಲಿ ಇಷ್ಟು ದಿನ ಉಳಿದಿದ್ದ ಮನೆಯ ಪ್ರಭಾಳ ಹಳೆಯದು, ಕಿರುಬೆರಳು ಒತ್ತುತ್ತಿತ್ತು. ಗಡಿ ಬರಲೇ ಇಲ್ಲ. ಅದೇ ಚಪ್ಪಟೆ ಹಸಿರು, ಅದೇ ಮಲಗಿದ ಹಸುಗಳು, ದೂರದಲ್ಲಿ ಬಿಳಿ ಕಂಬಗಳ ಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ತಿರುಗುವ ಅದೇ ರೆಕ್ಕೆಗಳು. ಪಕ್ಕದ ಸಾಲಿನ ಹೆಂಗಸು ಕಿಟಕಿಯತ್ತ ಗದ್ದ ಎತ್ತಿ, ಹಾಲೆಂಡ್ ಬಂದು ಆಗಲೇ ಐದು ನಿಮಿಷವಾಯಿತು ಎಂದು ಹಿಂದಿಯಂತಿದ್ದೂ ಹಿಂದಿಯಲ್ಲದ ಮಾತಿನಲ್ಲಿ ಹೇಳಿದಾಗಲೇ ಅವಳು ನೋಡಿದ್ದು: ಮುಂದೆ ಓಡುತ್ತಿದ್ದ ಕಾರುಗಳ ನಂಬರು ಹಲಗೆಗಳು ಬಿಳಿ ಹೋಗಿ ಹಳದಿಯಾಗಿದ್ದವು. ಒಂದು ದೇಶ ಮುಗಿದು ಇನ್ನೊಂದು ಶುರುವಾದದ್ದಕ್ಕೆ ಅಷ್ಟೇ ಗುರುತು. ಯಾರೋ ಮೋಸ ಮಾಡಿದಂತಾಯಿತು ನಾಗಮಣಿಗೆ. ದಾಟುವ ಮುಂಚೆ ಒಂದು ಗಳಿಗೆ ಸಿಗುತ್ತದೆ, ಆಗ ಮನಸ್ಸು ಗಟ್ಟಿ ಮಾಡಿಕೊಂಡರಾಯಿತು ಎಂದು ಮೂರು ವಾರದಿಂದ ಮುಂದೆ ಮುಂದೆ ತಳ್ಳಿಕೊಂಡು ಬಂದದ್ದನ್ನು ಈಗ ಎಲ್ಲಿ ಇಳಿಸುವುದು? ಇನ್ನು ಮೂರು ಗಂಟೆ. ಆಮೇಲೆ ಸುಪ್ರೀತಾಳ ಮನೆ. ಸುಪ್ರೀತಾಳ ಹತ್ತೊಂಬತ್ತು ದಿನದ ಕೂಸನ್ನು ತಂದು ಅವಳ ಚಾಚಿದ ಕಾಲುಗಳ ಮೇಲೆ ಮಲಗಿಸುತ್ತಾರೆ.

ನಾಗಮಣಿಯ ಕೆಲಸವೇ ಅದು, ಕೂಸುಗಳಿಗೆ ಎಣ್ಣೆ ತಿಕ್ಕಿ ನೀರು ಎರೆಯುವುದು. ಅರಸೀಕೆರೆಯಲ್ಲಿ ಅವಳ ತಾಯಿ ಮಾಡುತ್ತಿದ್ದಳು, ಮೂರನೇ ಕ್ಲಾಸು ಬಿಡಿಸಿ ಮಗಳನ್ನೂ ಜೊತೆಗೆ ಹಾಕಿಕೊಂಡಳು. ಮೊದಲು ಚೊಂಬು ಹಿಡಿದು ನೀರು ಹೊಯ್ಯುವುದು, ಆಮೇಲೆ ಸಾಂಬ್ರಾಣಿ ಹಿಡಿಯುವುದು, ಕೈ ಪಳಗಿದ ಮೇಲೆ ಕಾಲು ಚಾಚಿ ಕೂಸನ್ನು ಹಾಕಿಕೊಳ್ಳುವುದು. ಗಂಡ ಸತ್ತ ಮೇಲೆ ಅದೇ ಅನ್ನವಾಯಿತು. ಈ ಸಲ ವಿಮಾನ ಹತ್ತಿಸಿದ್ದೂ ಅದೇ. ಪ್ರಭಾ, ಸುಪ್ರೀತಾ ಒಂದೇ ಹಾಸ್ಟೆಲಿನಲ್ಲಿ ಓದಿದವರು, ಈಗ ಒಬ್ಬಳು ಜರ್ಮನಿಯಲ್ಲಿ, ಇನ್ನೊಬ್ಬಳು ಹಾಲೆಂಡಿನಲ್ಲಿ. ಎರಡು ತಿಂಗಳ ಅಂತರದಲ್ಲಿ ಇಬ್ಬರದೂ ಹೆರಿಗೆ. ಪ್ರಭಾಳಿಗೆ ತಾಯಿಯಿಲ್ಲ. ಸುಪ್ರೀತಾಳ ತಾಯಿ ಇಂದಿರಮ್ಮ ಮೈಸೂರಿನಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡು ಕೂತಿದ್ದಾಳೆ. ಹಾಗಾಗಿ ಇಬ್ಬರೂ ಸೇರಿ ಒಂದು ಟಿಕೆಟ್ಟು ಮಾಡಿಸಿದರು. ವೀಸಾ ಕಾಗದದಲ್ಲಿ ನಾಗಮಣಿ ಪ್ರಭಾಳ ದೊಡ್ಡಮ್ಮನಾದಳು. ರೈಲು ದುಬಾರಿ, ಪ್ರಭಾಳ ಗಂಡ ದಿವಾಕರನಿಗೆ ರಜೆಯಿಲ್ಲ, ಸುಪ್ರೀತಾಳ ಗಂಡ ಶಮಂತನಿಗೂ ಇಲ್ಲ. ಎಲ್ಲಕ್ಕಿಂತ ಅಗ್ಗದ ಬಸ್ಸು ಹುಡುಕಿ, ಮೂರು ಚಪಾತಿ ಸುತ್ತಿಕೊಟ್ಟು, ಇಳಿಯುವ ಊರಿನ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಚೀಟಿಯನ್ನು ಸ್ವೆಟರಿಗೆ ಪಿನ್ನು ಹಾಕಿ ಸಿಕ್ಕಿಸಿ ಹತ್ತಿಸಿದರು. ಎಲ್ಲರೂ ಇಳಿಯೋ ಕಡೆ ಇಳಿಬೇಡಿ ದೊಡ್ಡಮ್ಮ, ಕೊನೇಲಿ ಇಳೀರಿ ಎಂದಿದ್ದಳು ಪ್ರಭಾ. ಕಳಿಸಿಕೊಡುವಾಗ ಅವಳ ಮುಖದಲ್ಲಿ ಬೇಸರಕ್ಕಿಂತ ಹೆಚ್ಚಾಗಿ ಹಗುರವೇ ಕಂಡಿತ್ತು. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಕಡೆಯ ಮೂರು ವಾರ ಆ ಮನೆಯಲ್ಲಿ ನಾಗಮಣಿ ಬರೀ ಅಡಿಗೆ ಮಾಡಿದ್ದಳು. ಕೂಸನ್ನು ಅವಳ ಕೈಗೆ ಕೊಡುವಾಗ ಪ್ರಭಾ ಏನಾದರೊಂದು ನೆವ ತೆಗೆದು ಅಲ್ಲೇ ನಿಂತಿರುತ್ತಿದ್ದಳು.

ಪ್ರಭಾಳ ಊರಿನ ಸೂಲಗಿತ್ತಿ ಸೈಕಲ್ಲಿನಲ್ಲಿ ಬರುತ್ತಿದ್ದಳು. ಎತ್ತರದ ಹೆಂಗಸು, ಕೂಸನ್ನು ಬಟ್ಟೆಯ ಜೋಲಿಯಲ್ಲಿ ಹಾಕಿ ತರಕಾರಿ ತೂಗುವಂತೆ ತೂಗುತ್ತಿದ್ದಳು. ಅವಳು ಬರುವ ಹೊತ್ತಿಗೆ ಎಣ್ಣೆ ನೀರು ಮುಗಿದಿರುತ್ತಿತ್ತು; ಮೂರು ವಾರದ ಹಿಂದೆ ಒಂದು ದಿನ ಹೊತ್ತಿಗೆ ಮುಂಚೆಯೇ ಬಂದುಬಿಟ್ಟಳು. ನಾಗಮಣಿ ಕೂಸಿನ ನೆತ್ತಿಗೆ ಹರಳೆಣ್ಣೆ ತಟ್ಟಿ, ಕಿವಿಗೆ ಬಿಟ್ಟು, ಮೂಗಿನ ಹೊಳ್ಳೆಗೆ ಬಿಡುತ್ತಿದ್ದಳು. ಸೂಲಗಿತ್ತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಸಿಟ್ಟು ಮಾಡಿಕೊಳ್ಳಬಹುದಿತ್ತು. ಅವಳು ಪಕ್ಕದಲ್ಲಿ ಮಂಡಿಯೂರಿ ಕೂತು, ನಾಗಮಣಿಯ ಕೈಯನ್ನು ಮೆಲ್ಲಗೆ ಹಿಡಿದು, ತನ್ನ ಬೆರಳನ್ನು ತನ್ನದೇ ಮೂಗಿನಿಂದ ಗಂಟಲಿಗೆ, ಗಂಟಲಿನಿಂದ ಎದೆಗೆ ಎಳೆದು ತೋರಿಸಿದಳು. ಪ್ರಭಾ ಎಲ್ಲೋ ನೋಡುತ್ತ ಕನ್ನಡ ಮಾಡಿದಳು. "ಎಣ್ಣೆ ಹೊಟ್ಟೆಗೆ ಹೋಗಲ್ವಂತೆ ದೊಡ್ಡಮ್ಮ. ಶ್ವಾಸಕೋಶಕ್ಕೆ ಇಳಿಯತ್ತಂತೆ. ಇಳಿದ್ರೆ ಅಲ್ಲೇ ಉಳ್ಕೊಳತ್ತಂತೆ. ಮೊದಲು ಕೆಮ್ಮು ಬರತ್ತಂತೆ, ಆಮೇಲೆ ಜ್ವರ, ತುಟಿ ಸುತ್ತ ನೀಲಿ ಆಗತ್ತಂತೆ." ನಾಗಮಣಿ ಕೇಳಿಸಿಕೊಂಡಳು. ಕೆಮ್ಮು, ಜ್ವರ, ನೀಲಿ. ಪ್ರಭಾ ಇಂಗ್ಲಿಷಿನಿಂದ ತೆಗೆದು ಒಂದೊಂದಾಗಿ ಮುಂದೆ ಇಟ್ಟ ಆ ಮೂರೂ ಅವಳಿಗೆ ಹೊಸವಲ್ಲ. ಅವು ಅದೇ ಸಾಲಿನಲ್ಲಿ, ಒಂದರ ಹಿಂದೊಂದು ಬಂದದ್ದನ್ನು ಅವಳು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನ ಒಂದು ಕೋಣೆಯಲ್ಲಿ ಕಣ್ಣಾರೆ ಕಂಡಿದ್ದಳು.

ಎಂಬತ್ತನಾಲ್ಕನೇ ಇಸವಿ. ಇಂದಿರಮ್ಮ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ತಂದೆ ಗೂಡ್ಸ್ ಗಾಡಿಯ ಗಾರ್ಡು. ಗಾಡಿ ಹೊರಟಾಗಲೆಲ್ಲ ಗೋಡೆಯ ಮೇಲಿನ ಪಾತ್ರೆಗಳು ನಡುಗುತ್ತಿದ್ದವು, ಕೂಸು ಮಾತ್ರ ಎಚ್ಚರವಾಗುತ್ತಿರಲಿಲ್ಲ. ಹನ್ನೊಂದನೇ ದಿನ ಅರವಿಂದ ಎಂದು ಹೆಸರಿಟ್ಟರು. ದಿನವೂ ಎರೆಯಲು ಹೋಗುತ್ತಿದ್ದ ನಾಗಮಣಿಗಾಗ ಇಪ್ಪತ್ತೇಳು ವರ್ಷ, ಕೈಗೆ ಹೆಸರು ಬಂದ ಹೊಸತು. ನಾಗಮಣಿ ಎರೆದ ಕೂಸಿನ ಮೂಗು ನೀಟಾಗಿರುತ್ತದೆ, ಉಸಿರು ಸಲೀಸು ಎಂದು ಬೀದಿಯ ಹೆಂಗಸರು ಅನ್ನುತ್ತಿದ್ದರು. ಕೂಸು ಗೊರಗೊರ ಅಂದರೆ ಇನ್ನೆರಡು ತೊಟ್ಟು. ಕೆಮ್ಮು ಶುರುವಾದಾಗ, ಕಫ ಕಿತ್ತು ಬರಲಿ ಎಂದು ಮತ್ತೆರಡು. ಇಪ್ಪತ್ತಮೂರನೇ ದಿನ ಕೂಸನ್ನು ಆಸ್ಪತ್ರೆಯಿಂದ ಬರೀ ಬಟ್ಟೆಯ ಗಂಟನ್ನು ತಂದಂತೆ ತಂದರು. ಡಾಕ್ಟರು ನ್ಯುಮೋನಿಯಾ ಅಂದರಂತೆ. ಹಾಸನದಿಂದ ಬಂದ ಇಂದಿರಮ್ಮನ ಅತ್ತೆ ಅಂಗಳದಲ್ಲಿ ಕೂತು ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿದಳು. ಎರೆದವಳು ನೀನು, ನೀನೇ ಹೇಳು, ಏನಾಯಿತು ಮಗುವಿಗೆ? ನಾಗಮಣಿ ಹೇಳಿದಳು. ಬಾಣಂತಿ ಏನೋ ತಣ್ಣಗಿನದು ತಿಂದಿರಬೇಕು, ಹಾಲಿನಲ್ಲಿ ಇಳಿದಿದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿರಲಿಲ್ಲ, ಅವಳ ತಾಯಿ ಹಾಗೇ ಹೇಳುತ್ತಿದ್ದಳು. ಆದರೆ ಹೇಳುವಾಗ ಎದೆಯ ಒಂದು ಮೂಲೆಯಲ್ಲಿ, ದೂರು ತನ್ನ ಕೈಯ ಮೇಲೆ ಬರಲಿಲ್ಲ, ತಪ್ಪಿಸಿಕೊಂಡೆ ಎಂಬ ಸಣ್ಣ ನೆಮ್ಮದಿ ಎದ್ದಿತ್ತಲ್ಲ, ಅದು ಯಾಕೆ? ಈ ಮೂವತ್ತಮೂರು ವರ್ಷ ಆ ನೆಮ್ಮದಿ ನೆನಪಿಗೇ ಬಂದಿರಲಿಲ್ಲ. ಈಗ ಈ ಹಸಿರು ಬಯಲಿನ ನಡುವೆ ಅದೊಂದೇ ನೆನಪಾಗುತ್ತಿದೆ. ಒಳಗಿನ ಕೋಣೆಯಲ್ಲಿ ಇಂದಿರಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಿಂದಿನ ವಾರ ಪಕ್ಕದ ಮನೆಯವರು ಕೊಟ್ಟ ಹಲಸಿನ ತೊಳೆ ಎರಡು ತಿಂದೆನೆಂದು ಅವಳೇ ಒಪ್ಪಿಕೊಂಡಳು. ಆಮೇಲೆ ಅತ್ತೆ ಮನೆಯಲ್ಲಿ ಅವಳಿಗೆ ಹಲಸಿನ ಹೆಸರಿನಲ್ಲಿ ಎಷ್ಟು ವರ್ಷ ಚುಚ್ಚಿದರೋ. ಎರಡನೇ ಸಲ ಸುಪ್ರೀತಾ ಹುಟ್ಟಿದಾಗ ಇಂದಿರಮ್ಮ ಬಾಯಿ ಕಟ್ಟಿ ಕಡ್ಡಿಯಾಗಿದ್ದಳು. ನಾಗುವೇ ಎರೆಯಬೇಕು, ಬೇರೆಯವರ ಕೈ ಬೇಡ ಎಂದು ಹಟ ಹಿಡಿದಳು. ನಾಗಮಣಿಯೇ ಎರೆದಳು, ಮೂಗಿಗೂ ಬಿಟ್ಟಳು. ಸುಪ್ರೀತಾ ಬದುಕಿದಳು.

ಬಸ್ಸು ನಿಂತಿತು. ದೊಡ್ಡ ರಸ್ತೆಯ ಪಕ್ಕದ ಒಂದು ತಂಗುದಾಣ. ನೀಲಿ ಬಟ್ಟೆಯ ಇಬ್ಬರು ಪೊಲೀಸರು ಹತ್ತಿದರು. ಗಡಿ ಹಿಂದೆಯೇ ಹೋಯಿತಲ್ಲ, ಇದೇನು ಎಂದುಕೊಳ್ಳುವುದರೊಳಗೆ ಹಳದಿ ಕೂದಲನ್ನು ಬಿಗಿಯಾಗಿ ಗಂಟು ಹಾಕಿದ ಪೊಲೀಸ್ ಹುಡುಗಿ ಅವಳ ಮುಂದೆ ಕೈ ಚಾಚಿದ್ದಳು. ನಾಗಮಣಿ ಪಾಸ್‌ಪೋರ್ಟು ಕೊಟ್ಟಳು, ಪ್ರಭಾ ಮಡಚಿಟ್ಟ ಕಾಗದಗಳನ್ನು ಕೊಟ್ಟಳು, ಕೇಳದಿದ್ದರೂ ಸ್ವೆಟರಿನ ಚೀಟಿಯನ್ನೂ ಬಿಚ್ಚಿ ಕೊಟ್ಟಳು. ಹುಡುಗಿ ಏನೋ ಕೇಳಿದಳು. ಪಕ್ಕದ ಸಾಲಿನ ಹೆಂಗಸು ನಡುವೆ ಬಂದಳು. ಅವಳ ಮುತ್ತಜ್ಜ ಬಿಹಾರದಿಂದ ಸಮುದ್ರದಾಚೆಯ ಸುರಿನಾಮ್ ಎಂಬ ದೇಶಕ್ಕೆ ಹಡಗಿನಲ್ಲಿ ಕಬ್ಬು ಕಡಿಯಲು ಹೋದವನಂತೆ, ಅವಳು ಅಲ್ಲಿಂದ ಇಲ್ಲಿಗೆ ಬಂದು ಮುದುಕಿಯಾದವಳು. ಇದನ್ನೆಲ್ಲ ಬಸ್ಸು ಹೊರಟ ಹತ್ತು ನಿಮಿಷದಲ್ಲೇ ಹೇಳಿಯಾಗಿತ್ತು. ಯಾರ ಮನೆಗೆ ಹೋಗುತ್ತೀರಿ ಎಂದು ಕೇಳುತ್ತಿದ್ದಾಳೆ ಎಂದಳು. ಬೇಟಿ, ಅಂದಳು ನಾಗಮಣಿ, ರೈಲ್ವೆ ಕ್ವಾರ್ಟರ್ಸಿನ ಮನೆಗಳಲ್ಲಿ ಕಲಿತ ಹರುಕು ಹಿಂದಿಯಲ್ಲಿ. ಪ್ರಭಾಳಿಗೆ ದೊಡ್ಡಮ್ಮ, ಸುಪ್ರೀತಾಳಿಗೆ ತಾಯಿ. ದೇಶ ಬದಲಾದಂತೆ ನಂಟು ಹತ್ತಿರವಾಗುತ್ತ ಹೋಗುತ್ತಿದೆ. ಕೈಚೀಲ ತೆರೆಸಿದರು. ಚಪಾತಿಯ ಗಂಟು, ಓಮದ ಪೊಟ್ಟಣ, ಬಜೆಯ ಬೇರಿನ ತುಂಡುಗಳು. ಬೇರನ್ನು ಹುಡುಗಿ ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಎಣ್ಣೆಯ ಶೀಸೆ. ಮುಚ್ಚಳ ತೆಗೆದು ಮೂಸಿ ಮುಖ ಕಿವುಚಿದಳು. ಇಡೀ ಬಸ್ಸು ನೋಡುತ್ತಿತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಇದೇನು, ಯಾತಕ್ಕೆ ಎಂದು ಹುಡುಗಿ ಕೇಳಿದಳು.

ಸುರಿನಾಮಿನ ಹೆಂಗಸು ಹೇಳಬಹುದಿತ್ತು. ಅವಳು ಬಾಯಿ ತೆರೆಯುವ ಮುಂಚೆ ನಾಗಮಣಿಯ ಕೈಗಳು ತಾವಾಗಿ ಎದ್ದವು. ಎಡಗೈ ಮಡಚಿ ಇಲ್ಲದ ಕೂಸನ್ನು ಹಿಡಿಯಿತು, ಹೆಬ್ಬೆರಳು ಗದ್ದವನ್ನು ತುಸು ಹಿಂದಕ್ಕೆ ಬಾಗಿಸಿತು, ಬಲಗೈಯ ಬೆರಳು ಒಂದು ಹೊಳ್ಳೆ, ಇನ್ನೊಂದು ಹೊಳ್ಳೆ. ಎಷ್ಟು ಸಲೀಸು. ಕೂಸು ಉಸಿರು ಒಳಗೆ ಎಳೆದುಕೊಳ್ಳುವ ಗಳಿಗೆಯನ್ನು ಕಾದು ಬಿಡಬೇಕು, ಆಗಲೇ ಚೆನ್ನಾಗಿ ಇಳಿಯುವುದು ಎಂದು ತಾಯಿ ಕಲಿಸಿದ್ದಳು. ಬೆರಳುಗಳು ಈಗಲೂ ಆ ಗಳಿಗೆಯನ್ನು ಕಾದವು. ನಾಗಮಣಿ ತನ್ನ ಕೈಗಳನ್ನೇ ನೋಡಿದಳು. ಪೊಲೀಸಿನವಳು ತನ್ನ ಮೂಗನ್ನು ಮುಟ್ಟಿಕೊಂಡು, ಇಲ್ಲಿಗಾ ಎಂಬಂತೆ ಹುಬ್ಬೇರಿಸಿದಳು. ನಾಗಮಣಿ ತಲೆಯಾಡಿಸಿದಳು. ಹುಡುಗಿ ನಕ್ಕು, ಶೀಸೆ ಮುಚ್ಚಿ, ಜೋಪಾನವಾಗಿ ಚೀಲದಲ್ಲಿಟ್ಟು ಏನೋ ಹೇಳಿ ಮುಂದಿನ ಸೀಟಿಗೆ ಹೋದಳು. ಆ ಹುಡುಗಿಯ ಅಜ್ಜಿಯೂ ಇಂಥವೇ ಏನೇನೋ ಮಾಡುತ್ತಿದ್ದಳಂತೆ, ಸುರಿನಾಮಿನ ಹೆಂಗಸು ತಿಳಿಸಿದಳು, ಕೂಸಿಗೆ ಒಳ್ಳೆಯದಾಗಲಿ ಅಂದಳಂತೆ. ಇಷ್ಟೇನಾ. ಮೈಮೇಲೆ ಹೆದರಿಕೆ ಹೊದ್ದು ಕೂತಿದ್ದವಳನ್ನು ಹಿಡಿದು ನಿಲ್ಲಿಸಿ, ತಪ್ಪನ್ನು ಅವಳದೇ ಕೈಯಿಂದ ಎಲ್ಲರೆದುರಿಗೆ ಮಾಡಿಸಿ ನೋಡಿ, ನಕ್ಕು ಬಿಟ್ಟುಕಳಿಸಿದರು. ಎಳೆದುಕೊಂಡು ಹೋಗಿದ್ದರೆ ಒಂದು ತರಹ ಮುಗಿದುಹೋಗುತ್ತಿತ್ತು.

ಬಸ್ಸಿನ ಕಕ್ಕಸು ಕೆಟ್ಟಿತ್ತು. ಮುಂದೆ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಎಲ್ಲರೂ ಇಳಿದರು, ನಾಗಮಣಿಯೂ ಹಿಂದೆ ಹೋದಳು. ಕಕ್ಕಸಿನ ಬಾಗಿಲಲ್ಲಿ ಕಬ್ಬಿಣದ ತಡೆ, ಕಾಸು ಹಾಕಿದರೆ ತಿರುಗುವಂಥದು. ಪ್ರಭಾ ಕೊಟ್ಟ ಚಿಲ್ಲರೆಯಲ್ಲಿ ಯಾವುದನ್ನು ಹಾಕಿದರೂ ಅದು ಠಣ್ಣೆಂದು ಕೆಳಗೆ ಉಗುಳುತ್ತಿತ್ತು. ಹಿಂದೆ ನಿಂತವರ ಉಸಿರು ಕತ್ತಿಗೆ ತಗುಲಿತು. ಅವಳು ಪಕ್ಕಕ್ಕೆ ಸರಿದು, ಬೇಡವಾಗಿತ್ತು ಎನ್ನುವ ಮುಖ ಮಾಡಿಕೊಂಡು ಬಂದು ಮತ್ತೆ ಸೀಟಿನಲ್ಲಿ ಕೂತಳು. ಅಲ್ಲಿಂದ ಮುಂದಿನದೆಲ್ಲ, ಆರ್ನೆಮ್ಮೋ ಉಟ್ರೆಕ್ಟೋ, ಯಾವ ಊರು ಬಂದು ಯಾವುದು ಹೋಯಿತೋ, ಹೊಟ್ಟೆಯ ಕೆಳಗಿನ ಭಾರದಲ್ಲೇ ಹೋಯಿತು. ಎಷ್ಟು ಕೂಸುಗಳು? ಎರೆದ ಮನೆಗಳನ್ನು ಬೀದಿಯ ಲೆಕ್ಕದಲ್ಲಿ ನೆನೆಯತೊಡಗಿದಳು. ಗುಂಡಪ್ಪನ ಮನೆಯ ಅವಳಿಗಳು, ಒಂದು ಉಳಿಯಲಿಲ್ಲ, ಅದು ಮೊದಲೇ ಬಡಕಲು ಅಂದಿದ್ದರು. ಹಾಲಪ್ಪ ಮೇಷ್ಟರ ಮೊಮ್ಮಗಳು ವರ್ಷವೆಲ್ಲ ಕೆಮ್ಮುತ್ತಿತ್ತು. ಉಳಿದವರೆಲ್ಲ ದೊಡ್ಡವರಾಗಿ, ಮದುವೆಯಾಗಿ, ದಾರಿಯಲ್ಲಿ ಕಂಡರೆ ಕಾಲು ಮುಟ್ಟುತ್ತಾರೆ. ಉಳಿದವರು ಉಳಿದದ್ದು ಅವಳ ಕೈಯಿಂದಲೋ, ಅವಳ ಕೈ ತಪ್ಪಿಸಿಕೊಂಡೋ? ಒಂದು ಯೋಚನೆ ಸುಲಭವಾಗಿ ಬಂತು. ಈ ಕೂಸಿಗೆ ಬಿಡದಿದ್ದರಾಯಿತು. ಇಲ್ಲಿಯವರು ಬೇಡ ಅಂದರು ಅಂದರಾಯಿತು. ಹೋದದ್ದನ್ನು ಕೆದಕಿ ಅರವತ್ತೈದರ ಇಂದಿರಮ್ಮನಿಗೆ ಏನು ಕೊಟ್ಟಂತಾಯಿತು? ಸರಿ ಅನ್ನಿಸಿತು. ಸರಿ ಅನ್ನಿಸಿದ ತಕ್ಷಣ, ಆವತ್ತು ಅಂಗಳದಲ್ಲಿ ಎದ್ದ ಅದೇ ಸಣ್ಣ ನೆಮ್ಮದಿ ಅದೇ ಮೂಲೆಯಲ್ಲಿ ಮತ್ತೆ ಎದ್ದಿತು.

ಡೆನ್ ಹಾಗ್‌ನಲ್ಲಿ ಶಮಂತ ಕಾಯುತ್ತಿದ್ದ. ಉದ್ದ ಮುಖದ, ಮಾತು ಕಡಿಮೆಯ ಹುಡುಗ. ಬನ್ನಿ ಅಮ್ಮ, ಸುಸ್ತಾಯ್ತಾ ಎಂದು ಚೀಲಕ್ಕೆ ಕೈ ಹಾಕಿದ. ನಾಚಿಕೆ ಬಿಟ್ಟು ಮೊದಲು ಕಕ್ಕಸು ಎಲ್ಲಿ ಅಂದಳು. ಅವನು ಕರೆದುಕೊಂಡು ಹೋಗಿ ತನ್ನ ಕಾರ್ಡು ಉಜ್ಜಿ ಬಾಗಿಲು ತೆಗೆಸಿ, ದೂರ ಹೋಗಿ ಬೆನ್ನು ಮಾಡಿ ನಿಂತ. ಆ ಬೆನ್ನು ನೋಡಿ ಅವಳಿಗೆ ಅಳು ಬಂದಂತಾಯಿತು. ಜೂಟರ್‌ಮೀರಿನ ಮನೆಗೆ ಟ್ರಾಮಿನಲ್ಲಿ ಅರ್ಧ ಗಂಟೆ. ಪರದೆಯಿಲ್ಲದ ದೊಡ್ಡ ದೊಡ್ಡ ಕಿಟಕಿಗಳು, ಒಳಗೆ ಜನ ಊಟ ಮಾಡುವುದೆಲ್ಲ ಬೀದಿಗೆ ಕಾಣುತ್ತಿತ್ತು. ಮುಚ್ಚಿಡುವುದು ಏನೂ ಇಲ್ಲದವರ ಹಾಗೆ. ಮನೆಯ ಮೆಟ್ಟಿಲು ಏಣಿಯಷ್ಟು ಕಡಿದು, ನಾಲ್ಕು ಕಾಲಲ್ಲಿ ಹತ್ತಿದಳು. ಮೇಲೆ ಸುಪ್ರೀತಾ ನಿಂತಿದ್ದಳು, ತಲೆಗೆ ಬಟ್ಟೆ ಕಟ್ಟಿಕೊಂಡು, ಕಣ್ಣ ಕೆಳಗೆ ಕಪ್ಪು, ಥೇಟು ಆ ಕಾಲದ ಇಂದಿರಮ್ಮ. ನಾಗತ್ತೆ ಎಂದು ಹೆಗಲಿಗೆ ತಲೆ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಳು. ಮೊದಲ ವಾರ ಇಲ್ಲಿಯ ದಾದಿ ಬಂದು ನೋಡಿಕೊಂಡಳಂತೆ, ಅವಳು ಹೋದ ಮೇಲೆ ಹಗಲು ರಾತ್ರಿ ಒಂದೇ ಆಗಿದೆಯಂತೆ. ನೀವು ಬಂದ್ರಲ್ಲ, ಇನ್ನು ನಿದ್ದೆ ಮಾಡ್ತೀನಿ ಅಂದಳು. ಆ ಮಾತು ಬೂಟಿಗಿಂತ ಹೆಚ್ಚು ಒತ್ತಿತು.

ಊಟ ಆಮೇಲೆ, ಅಮ್ಮ ಫೋನಿನಲ್ಲಿ ಕಾಯುತ್ತಿದ್ದಾಳೆ, ಎರೆಯುವುದನ್ನು ನೋಡಬೇಕಂತೆ ಎಂದು ಸುಪ್ರೀತಾ ನೀರು ಬಿಸಿ ಮಾಡಿಟ್ಟಿದ್ದಳು. ನಾಗಮಣಿ ಬಚ್ಚಲಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತು ಸೀರೆ ಮಂಡಿಯವರೆಗೆ ಎತ್ತಿ ಕಟ್ಟಿ ಕಾಲು ಚಾಚಿದಳು. ಕೂಸು ಬಂತು. ಬೆಚ್ಚಗಿನ, ಬರೀ ಮೈಯ, ಸಿಟ್ಟಿನ ಮುಖದ ಗಂಡು. ಉಸಿರಾಡುವಾಗ ಗೊರಗೊರ ಅನ್ನುತ್ತಿತ್ತು. ಸುಪ್ರೀತಾ ಹಿಡಿದ ಫೋನಿನಲ್ಲಿ ಇಂದಿರಮ್ಮ ದಿಂಬಿಗೆ ಒರಗಿ ಕೂತಿದ್ದಳು.

"ಏನೇ ನಾಗು, ಇಳಿದ್ಯಾ ಬಸ್ಸು? ನೀನು ಬರೋ ತನಕ ಮಗೂನ ಬಕೆಟ್ಟಲ್ಲಿ ಕೂರಿಸಿ ಸ್ನಾನ ಮಾಡಿಸ್ತಿದ್ರು ಕಣೇ, ಉಪ್ಪಿನಕಾಯಿ ಹಾಕ್ದಂಗೆ. ತಲೆ ಚೆನ್ನಾಗಿ ಒತ್ತು. ಅಪ್ಪನ ಹಾಗೆ ಸೋರೆಕಾಯಿ ಆಗೋದು ಬೇಡ."

ಬಾಗಿಲಾಚೆ ಶಮಂತ, ಕೇಳಿಸ್ತಿದೆ ಅತ್ತೆ ಎಂದ. ಕೇಳಿಸಲಿ ಅಂತಲೇ ಹೇಳಿದ್ದು ಎಂದಳು ಇಂದಿರಮ್ಮ. ನಾಗಮಣಿ ಎದೆಗೆ, ಬೆನ್ನಿಗೆ, ತೊಡೆಗೆ ಎಣ್ಣೆ ತಿಕ್ಕಿದಳು. ಕೂಸು ಅಳು ನಿಲ್ಲಿಸಿ ಅವಳನ್ನೇ ನೋಡಿತು.

"ಮೂಗಿಗೆ ಎರಡು ತೊಟ್ಟು ಬಿಟ್ಬಿಡು. ಗೊರಗೊರ ಅಂತಿದೆ ನೋಡು."

"ಮೂಗಿಗೆ ಬಿಡಲ್ಲ ಇಂದಿರಕ್ಕ."

ಯಾಕೆ ಎಂದು ಇಂದಿರಮ್ಮ ಕೇಳಿದಳು. ಸುಪ್ರೀತಾ ನಡುವೆ ಬಂದು, ಇಲ್ಲಿಯ ದಾದಿಯೂ ಬೇಡ ಅಂದಿದ್ದಳು, ಬಿಡಮ್ಮ ಎಂದಳು. ಅಷ್ಟಕ್ಕೆ ಎಲ್ಲ ಮುಗಿಯುವಂತಿತ್ತು. ಕೂಸು ಉಳಿಯಿತು, ಬಾಯಿ ತೆರೆಯುವ ಗರಜೂ ಹೋಯಿತು. ನಾಗಮಣಿ ಚೊಂಬಿಗೆ ಕೈ ಹಾಕಿದಳು. ಇಂದಿರಮ್ಮ ಅರೆಮನಸ್ಸಿನಿಂದ, ಸರಿ, ನಿಮ್ಮಿಷ್ಟ ಎಂದಳು. ಆಮೇಲೆ ಮಗಳಿಗೆ ಹೇಳಿದಳು.

"ನೀನು ಮಾತ್ರ ಬಾಯಿ ಕಟ್ಟು ಸುಪ್ರೀ. ತಣ್ಣಗಿನದು ಮುಟ್ಟಬೇಡ. ನಾನು ಎರಡು ತೊಳೆ ಹಲಸಿನ ಹಣ್ಣಿಗೆ ಆಸೆ ಬಿದ್ದು ಒಂದು ಮಗೂನ ಕಳಕೊಂಡೋಳು."

ನಾಗಮಣಿಯ ಕೈ ಚೊಂಬಿನ ಮೇಲೇ ನಿಂತಿತು. ಇಷ್ಟು ವರ್ಷ. ಇಷ್ಟು ವರ್ಷವೂ ಆ ಎರಡು ತೊಳೆಗಳನ್ನು ಇವಳು ನುಂಗಲೇ ಇಲ್ಲ.

"ಹಲಸಿನ ಹಣ್ಣಿಂದ ಅಲ್ಲ ಇಂದಿರಕ್ಕ." ದನಿ ತನ್ನದಲ್ಲವೆಂಬಂತೆ ಬಂತು. "ಅರವಿಂದನಿಗೆ ಮೂಗಿಗೆ ಬಿಟ್ಟಿದ್ದು ನಾನು. ಕೆಮ್ಮಿದಾಗ ಇನ್ನೂ ಬಿಟ್ಟೆ. ಅದು ಎದೆಗೆ ಇಳಿಯತ್ತಂತೆ. ಜ್ವರ, ನೀಲಿ, ಎಲ್ಲ ಹಾಗೇ ಆಗತ್ತಂತೆ, ಅಲ್ಲಿಯ ಸೂಲಗಿತ್ತಿ ಹೇಳಿದ್ಳು. ನಿಮ್ಮತ್ತೆ ಕೇಳ್ದಾಗ ನೀವು ಏನೋ ತಿಂದಿದೀರಿ ಅಂದಿದ್ದೂ ನಾನೇ."

ಫೋನಿನೊಳಗಿನ ಮುಖ ಅಲುಗಲಿಲ್ಲ. ಆಮೇಲೆ ಚಿತ್ರ ತೂರಾಡಿ, ಮೈಸೂರಿನ ಮನೆಯ ಬಿಳಿ ಚಾವಣಿಯೂ ತಿರುಗುವ ಫ್ಯಾನೂ ಮಾತ್ರ ಉಳಿದವು. ಇಂದಿರಮ್ಮ ಫೋನನ್ನು ಹಾಸಿಗೆಯ ಮೇಲೆ ಇಟ್ಟಿದ್ದಳು, ಅಥವಾ ಕೈಜಾರಿತ್ತು. ಸುಪ್ರೀತಾಳ ಒಂದು ಕೈ ಮುಂದೆ ಬಂತು, ಕೂಸಿನ ಕಡೆಗೆ. ನಾಗಮಣಿ ತಡೆಯಲಿಲ್ಲ. ಎತ್ತಿಕೊಳ್ಳಲಿ ಎಂದು ತನ್ನ ಎರಡು ಕೈಗಳನ್ನೂ ಕೂಸಿನ ಮೈಯಿಂದ ತೆಗೆದು ಗಾಳಿಯಲ್ಲಿ ಹಿಡಿದಳು. ಎಣ್ಣೆ ಮೊಣಕೈಗೆ ಇಳಿಯುತ್ತಿತ್ತು. ಸುಪ್ರೀತಾ ಎತ್ತಿಕೊಳ್ಳಲಿಲ್ಲ. ಚಾಚಿದ ಕಾಲುಗಳ ನಡುವಿನ ತೊಟ್ಟಿಲಿನಲ್ಲಿ ಕೂಸು ಮುಷ್ಟಿ ಬಿಗಿದುಕೊಂಡು ಮಲಗಿತ್ತು. ಫ್ಯಾನು ತಿರುಗುತ್ತಲೇ ಇತ್ತು. ಬಚ್ಚಲ ಕನ್ನಡಿಯ ಮೇಲೆ ಕಟ್ಟಿದ ಹಬೆ ಕರಗಿ ಗೀಟುಗಳಾಗಿ ಇಳಿಯಿತು.

"ನಾಗಮಣಿ." ಇಂದಿರಮ್ಮ ಅವಳನ್ನು ಎಂದೂ ಪೂರಾ ಹೆಸರು ಹಿಡಿದು ಕರೆದವಳಲ್ಲ. ಮುಖ ಕಾಣಲಿಲ್ಲ, ದನಿ ಮಾತ್ರ, ತುಂಬಾ ಕೆಳಗಿನಿಂದ. "ನೀರು ಆರಿಹೋಗತ್ತೆ. ಮಗೂಗೆ ಎರೆದು ಮುಗಿಸು."

ಫೋನು ಕಟ್ಟಾಯಿತು. ಸುಪ್ರೀತಾ ಅದನ್ನು ಕಿಟಕಿಯ ಮೇಲಿಟ್ಟು ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಚೊಂಬನ್ನು ನಾಗಮಣಿಗೆ ಕೊಡಲಿಲ್ಲ. ತಾನೇ ಅದ್ದಿ, ತನ್ನ ಮೊಣಕೈಗೆ ಸುರಿದು ಬಿಸಿ ನೋಡಿ, ಕೂಸಿನ ನೆತ್ತಿಯ ಮೇಲೆ ಎತ್ತಿ ಹಿಡಿದಳು. ನಾಗಮಣಿ ಎಡಗೈಯನ್ನು ಕೂಸಿನ ಹಣೆಯಿಂದ ಇಳಿಸಿ, ಮೂಗಿನ ಮೇಲೆ, ಉಸಿರು ತಾಗುವಷ್ಟು ಜಾಗ ಬಿಟ್ಟು ಬಾಗಿಸಿ ಹಿಡಿದಳು. ನೀರು ಬಿತ್ತು. ಅಂಗೈಯೊಳಗೆ ಆ ಸಣ್ಣ ಬಿಸಿ ಗಾಳಿ ಬಂತು, ಹೋಯಿತು, ಮತ್ತೆ ಬಂತು.